ಒಂದೇ ಒಂದು ಹಾಡು ಹೇಳಿ, ಅದರಲ್ಲಿ ಎಲ್ಲಿ ಕಿವಿ ಕೊಡಬೇಕು ಅಂತಲೂ ಹೇಳಿ

ಸಪ್ತಾಪುರದ ಕೇಳುಗ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಬೆಳಗ್ಗೆ ಎದ್ದ ಕೂಡಲೇ ಧಾರವಾಡ ಆಕಾಶವಾಣಿ. ವಚನ, ದಾಸರ ಪದ, ಆಮೇಲೆ ಶಾಸ್ತ್ರೀಯ. ಸಂಜೆ ಸಿನಿಮಾ ಹಾಡು. ಇದರಲ್ಲೇ ಬೆಳೆದವನು ನಾನು, ಇದು ಸಾಕಾಗಿದೆ ಅಂತ ಅಲ್ಲ. ಬೇರೆ ಕಡೆಯ ಸಂಗೀತವನ್ನೂ ಕೂತು ಕೇಳಬೇಕು ಅನ್ನೋ ಆಸೆ ಹುಟ್ಟಿದೆ, ಅಷ್ಟೇ. ಆದರೆ ಫೋನಿನಲ್ಲಿ ಹುಡುಕಿದರೆ ಮುಗಿಯದ ಪಟ್ಟಿ ಬರುತ್ತದೆ, ಒಂದನ್ನು ಅರ್ಧ ಕೇಳುವಷ್ಟರಲ್ಲಿ ಇನ್ನೊಂದು ಕರೆಯುತ್ತದೆ, ರಾತ್ರಿ ಮಲಗುವಾಗ ಒಂದೂ ನೆನಪಿರುವುದಿಲ್ಲ.

ಅದಕ್ಕೇ ಕೇಳ್ತಿದ್ದೇನೆ. ಪಟ್ಟಿ ಬೇಡ. ಒಬ್ಬರು ಒಂದು ಹಾಡು ಹೇಳಿ. ಯಾವ ದೇಶದ್ದಾದರೂ, ಯಾವ ಭಾಷೆಯದಾದರೂ ಆಗಬಹುದು. ಆದರೆ 'ತುಂಬಾ ಚೆನ್ನಾಗಿದೆ' ಅಂತ ಹೇಳಿ ಬಿಡಬೇಡಿ. ಆ ಹಾಡಿನ ಯಾವ ಜಾಗದಲ್ಲಿ ಕಿವಿ ನಿಲ್ಲಿಸಬೇಕು ಅಂತ ಹೇಳಿ.

ನನ್ನದು ಮೊದಲು. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಶಿವಮತ ಭೈರವ ರಾಗ. ಭೈರವ ಅಂದರೆ ಶುದ್ಧ ಗಾಂಧಾರ (ಗ ಸ್ವರ) ಅಂತಲೇ ನಮ್ಮ ಕಿವಿಗೆ ರೂಢಿ. ಇಲ್ಲಿ ಅದರ ಜೊತೆಗೆ ಕೋಮಲ ಗಾಂಧಾರವೂ ಬಂದು ಹೋಗುತ್ತದೆ. ಅದು ಬರುವ ಕ್ಷಣಕ್ಕೆ ಕಾಯಿರಿ. ಅವರದು ಜೈಪುರ-ಅತ್ರೌಲಿ ಘರಾಣೆ, ಅಂದರೆ ಆ ಗಾಯನ ಪರಂಪರೆ, ಮಂಜಿಖಾನ್ ಮತ್ತು ಬುರ್ಜಿಖಾನ್ ಅವರಲ್ಲಿ ಕಲಿತದ್ದು. ಆ ಘರಾಣೆಯಲ್ಲಿ ಆಲಾಪಕ್ಕೆ ಅಂತ ಬಹಳ ಹೊತ್ತು ಬೇರೆ ತೆಗೆದಿಡುವುದಿಲ್ಲ, ಬಂದಿಶ್, ಅಂದರೆ ತಾಳಕ್ಕೆ ಕಟ್ಟಿದ ಹಾಡು, ಅದನ್ನು ಹಿಡಿದೇ ನಡೆಯುತ್ತಾರೆ. ಹಾಗಾಗಿ ಸ್ವಲ್ಪ ಮೈ ಮರೆತರೂ ಆ ಜಾಗ ದಾಟಿ ಹೋಗಿರುತ್ತದೆ.

ಕುಂದಗೋಳ ಗಾಡಿ, ಹುಬ್ಬಳ್ಳಿ

ಒಳ್ಳೆ ಪ್ರಶ್ನೆ ಹಾಕಿದ್ದೀರಿ. ನನ್ನ ಹಾಡು ಈಜಿಪ್ಟಿನದು. ಉಮ್ ಕುಲ್ತುಮ್ ಹಾಡಿರುವ 'ಇಂತ ಉಮ್ರಿ', 1964ರದು, ಸಂಗೀತ ಮೊಹಮ್ಮದ್ ಅಬ್ದೆಲ್ ವಹಾಬ್. ಸ್ಟುಡಿಯೋದಲ್ಲಿ ಮಾಡಿದ್ದು ಬೇಡ, ಜನರ ಮುಂದೆ ಹಾಡಿದ್ದೇ ಬೇಕು. ಹತ್ತಿರ ಹತ್ತಿರ ಒಂದು ಗಂಟೆ ಇರುತ್ತದೆ. ಗಾಬರಿ ಆಗಬೇಡಿ, ನಮ್ಮ ಕಡೆ ಒಂದು ಬಡಾ ಖ್ಯಾಲ್‌ಗೆ ಅಷ್ಟು ಹೊತ್ತು ಕೂತು ಅಭ್ಯಾಸ ಇದೆ ಅಲ್ವಾ.

ಮೊದಲ ಹಲವು ನಿಮಿಷ ಬರೀ ವಾದ್ಯ. ಪಿಟೀಲುಗಳ ದೊಡ್ಡ ತಂಡ, ಕಾನೂನ್ ಅನ್ನುವ ತಂತಿವಾದ್ಯ, ನಡುವೆ ಎಲೆಕ್ಟ್ರಿಕ್ ಗಿಟಾರ್. ಆಮೇಲೆ ಆಕೆ ಶುರು ಮಾಡುತ್ತಾರೆ. ಈಗ ಗಮನ ಕೊಡಿ. ಒಂದು ಸಾಲು ಹಾಡಿ ಮುಗಿಸುತ್ತಾರೆ, ಸಭೆ ಕೂಗುತ್ತದೆ, ಆಕೆ ಮುಂದಿನ ಸಾಲಿಗೆ ಹೋಗುವುದಿಲ್ಲ. ಅದೇ ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ಈ ಸಲ ಒಂದು ಅಕ್ಷರದ ಮೇಲೆ ನಿಲ್ಲುತ್ತಾರೆ. ಮತ್ತೆ ಕೂಗು. ಮತ್ತೆ ಅದೇ ಸಾಲು, ಈ ಸಲ ಕೊನೆಯ ಪದವನ್ನು ಎರಡು ಭಾಗ ಮಾಡಿ ನಡುವೆ ಉಸಿರು ಬಿಡುತ್ತಾರೆ. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯೆಲ್ಲ ಕೂತವರಿಗೆ ಇದು ಹೊಸದಲ್ಲ. ಹಾಡುವವರು ಒಂದು ಮುಖಡಾ (ಹಾಡಿನ ಮೊದಲ ತುಣುಕು) ಹಿಡಿದು ಸಮ್‌ಗೆ (ತಾಳದ ಮೊದಲ ಪೆಟ್ಟಿಗೆ) ಬಂದು ಬಿದ್ದಾಗ ಮುಂದಿನ ಸಾಲಿನ ಹಿರಿಯರು 'ಆಹಾ' ಅಂತಾರಲ್ಲ, ಕೈರೋದ ಸಭೆಯೂ ಅದನ್ನೇ ಮಾಡುತ್ತದೆ, ಇನ್ನೂ ಜೋರಾಗಿ.

ಇನ್ನೊಂದು ಮಾತು. ಅರಬ್ಬರ ಸಂಗೀತದಲ್ಲಿ ನಮ್ಮ ರಾಗದ ಹಾಗೆ ಇರುವುದು ಮಕಾಂ. ಈ ಹಾಡಿನ ಮಕಾಂ 'ಕುರ್ದ್'. ಅಂದರೆ ರಿ, ಗ, ಧ, ನಿ ನಾಲ್ಕೂ ಕೋಮಲ. ನಮ್ಮ ಭೈರವಿಯ ಸ್ವರಗಳೇ. ಕಚೇರಿಯ ಕೊನೆಗೆ ಭೈರವಿ ಕೇಳಿ ಎದ್ದು ಮನೆಗೆ ಹೋಗುವ ಅಭ್ಯಾಸ ಇರುವ ನಮಗೆ ಇಡೀ ಕಚೇರಿಯೇ ಅಲ್ಲಿಂದ ಶುರುವಾದರೆ ಮೈ ಜುಂ ಅನ್ನುತ್ತದೆ. ಈ ಸ್ವರಗಳು ಕಿವಿಗೆ ಗೊತ್ತಿರುವವೇ ಆದ್ದರಿಂದ ಇದನ್ನೇ ಮೊದಲು ಕೇಳಿ. ಆಮೇಲೆ 'ಬಯಾತಿ' ಮಕಾಂ ಕೇಳಿ. ಅದರಲ್ಲಿ ಕೋಮಲ ರಿಷಭಕ್ಕೂ ಶುದ್ಧ ರಿಷಭಕ್ಕೂ ನಡುವೆ ನಿಲ್ಲುವ ಒಂದು ಸ್ವರ ಇದೆ. ಮೊದಲ ಸಲ ಶ್ರುತಿ ತಪ್ಪಿದ ಹಾಗೆ ಕೇಳುತ್ತದೆ. ಬಿಡದೆ ಕೇಳಿ, ಅದೇ ಜಾಗ ಸರಿ ಅಂತ ಕಿವಿಯೇ ಒಪ್ಪಿಕೊಳ್ಳುತ್ತದೆ.

ಚಿಕ್ಕ ಹುಡುಗಿಯಾಗಿದ್ದಾಗ ಆಕೆಗೆ ಹುಡುಗನ ವೇಷ ಹಾಕಿ ತಂದೆ ಹಾಡಲು ಕರೆದೊಯ್ಯುತ್ತಿದ್ದರು. ಆಮೇಲೆ ತಿಂಗಳ ಮೊದಲ ಗುರುವಾರ ಆಕೆಯ ಕಚೇರಿ ರೇಡಿಯೋದಲ್ಲಿ ಬಂದರೆ ಅರಬ್ ದೇಶಗಳೆಲ್ಲ ಕೇಳುತ್ತಿದ್ದವು. ಗಂಗೂಬಾಯಿ ಹಾನಗಲ್ಲರ ಊರಿನವರಾದ ನಮಗೆ ಒಬ್ಬ ಹೆಣ್ಣುಮಗಳ ಆ ದಪ್ಪ, ನೇರ ಧ್ವನಿ ಕೂಡಲೇ ಹಿಡಿಸುತ್ತದೆ.

ತೀನ್‌ತಾಲ್, ಗದಗ

ನಾನು ತಬಲಾ ಕಲೀತಿದ್ದೇನೆ, ಅದಕ್ಕೇ ತಾಳದ ಕಡೆ ಎಳೆಯುತ್ತೇನೆ. 'ಶಕ್ತಿ' ತಂಡದ 1976ರ ಮೊದಲ ಆಲ್ಬಮ್, ಅದರ ಮೊದಲ ತುಣುಕು 'ಜಾಯ್'. ಗಿಟಾರ್ ಜಾನ್ ಮೆಕ್‌ಲಾಫ್ಲಿನ್, ಪಿಟೀಲು ಎಲ್. ಶಂಕರ್, ತಬಲಾ ಜಾಕಿರ್ ಹುಸೇನ್, ಘಟ ವಿಕ್ಕು ವಿನಾಯಕರಾಮ್. ಉತ್ತರಾದಿ ತಬಲಾ, ದಕ್ಷಿಣಾದಿ ಘಟ ಎರಡೂ ಒಂದೇ ವೇದಿಕೆಯಲ್ಲಿ.

ಕೇಳಬೇಕಾದ್ದು ಗಿಟಾರ್. ಮೆಕ್‌ಲಾಫ್ಲಿನ್ ಅದರ ಮೆಟ್ಟಿಲುಗಳ (ಫ್ರೆಟ್) ನಡುವಿನ ಮರವನ್ನು ಕೆತ್ತಿ ಒಳಕ್ಕೆ ಮಾಡಿಸಿಕೊಂಡಿದ್ದಾರೆ, ಅದರಿಂದ ತಂತಿಯನ್ನು ಒತ್ತಿ ಎಳೆದು ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ತೆಗೆಯಬಹುದು. ಜೊತೆಗೆ ಕೆಳಗೆ ಅಡ್ಡಲಾಗಿ ಬೇರೆ ತಂತಿಗಳಿವೆ. ಧಾರವಾಡದಲ್ಲಿ ಸಿತಾರ್ ಕೇಳಿ ಬೆಳೆದವರು, ರಹಿಮತ್ ಖಾನರ ಮನೆತನದ ಸಿತಾರ್ ಗೊತ್ತಿರುವವರು, ಆ ಎಳೆತವನ್ನು ಕೂಡಲೇ ಗುರುತಿಸುತ್ತಾರೆ.

ನಮ್ಮೂರಿನವರಿಗೆ ಎರಡು ಪದ್ಧತಿ ಒಟ್ಟಿಗೆ ಅಂದರೆ ಆಶ್ಚರ್ಯ ಆಗಬಾರದು. ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೆ 'ಉಭಯಗಾನ ವಿಶಾರದ' ಅಂತಲೇ ಬಿರುದು. ಹಿಂದೂಸ್ತಾನಿಯೂ ಬರುತ್ತಿತ್ತು, ಕರ್ನಾಟಕಿಯೂ ಬರುತ್ತಿತ್ತು. ಅವರ ಶಿಷ್ಯ ಬಸವರಾಜ ರಾಜಗುರು ಖ್ಯಾಲ್ ಹಾಡಿದರು, ವಚನ ಹಾಡಿದರು, ನಾಟ್ಯಗೀತೆಯನ್ನೂ ಹಾಡಿದರು.

ರೋಣದವಳು

ನನ್ನದು ಚಿಕ್ಕ ಹಾಡು. ಸೆಜಾರಿಯಾ ಎವೋರಾ ಹಾಡಿರುವ 'ಸೊದಾದ್', 1992ರ ಆಲ್ಬಮ್‌ನದು. ಆಫ್ರಿಕಾದ ಪಶ್ಚಿಮಕ್ಕೆ ಸಮುದ್ರದಲ್ಲಿರುವ ಕೇಪ್ ವರ್ದೆ ದ್ವೀಪಗಳವರು. ವೇದಿಕೆ ಮೇಲೆ ಬರಿಗಾಲಲ್ಲೇ ನಿಂತು ಹಾಡುತ್ತಿದ್ದರು. ಮೂಲತಃ ಅದು ದ್ವೀಪ ಬಿಟ್ಟು ಸಾವೊ ತೊಮೆ ಅನ್ನುವ ಇನ್ನೊಂದು ದ್ವೀಪಕ್ಕೆ ಕೂಲಿಗೆ ಹೋದವರ ಹಾಡು. ಆಗ ಎರಡೂ ಪೋರ್ಚುಗೀಸರ ಕೈಯಲ್ಲಿದ್ದವು. ಅಲ್ಲಿ ಕೋಕೋ ತೋಟಗಳು, ಇಲ್ಲಿ ಬರ. ಇಷ್ಟು ದೂರದ ಹಾದಿ ನಿನಗೆ ತೋರಿಸಿದವರು ಯಾರು ಅಂತ ಹಾಡು ಕೇಳುತ್ತದೆ.

ನಮ್ಮ ತಾಲ್ಲೂಕಿನಿಂದ ಮಳೆ ಕೈಕೊಟ್ಟ ವರ್ಷ ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುವುದನ್ನು ನೋಡಿಯೇ ಬೆಳೆದವಳು ನಾನು. ಬಸ್ ಸ್ಟ್ಯಾಂಡಿನಲ್ಲಿ ಹಾಸಿಗೆ ಸುರುಳಿ, ಪಾತ್ರೆ ಚೀಲ, ಅದರ ಮೇಲೆ ಕೂತ ಮಗು. ಆ ಭಾಷೆ ಒಂದು ಅಕ್ಷರ ಬರದಿದ್ದರೂ ಹಾಡು ಯಾರದ್ದು ಅಂತ ನನಗೆ ಗೊತ್ತಾಯಿತು.

ಕಿವಿ ಕೊಡಬೇಕಾದ್ದು ಆಕೆ ಎಷ್ಟು ಕಡಿಮೆ ಮಾಡುತ್ತಾರೆ ಅನ್ನೋದಕ್ಕೆ. ಗಮಕ ಇಲ್ಲ, ಏರು ಧ್ವನಿ ಇಲ್ಲ, ಅಳು ಇಲ್ಲ. ಕವಾಕಿನ್ಯೊ ಅನ್ನುವ ಪುಟ್ಟ ನಾಲ್ಕು ತಂತಿಯ ಗಿಟಾರ್ ಹಿಂದೆ ಚುರುಕಾಗಿ ನಡೆಯುತ್ತಿರುತ್ತದೆ, ಕುಣಿಯಬೇಕು ಅನ್ನಿಸುವ ಲಯ. ಆಕೆ ಮಾತ್ರ ಅದರ ಹಿಂದೆ ಸ್ವಲ್ಪ ತಡವಾಗಿ ಬರುತ್ತಾರೆ. ಆ ತಡವೇ ಇಡೀ ಹಾಡು. ನಮ್ಮೂರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಆರ್ಭಟದ ತಾನ್ ಕೇಳಿ ಬೆಳೆದ ಕಿವಿ ನನ್ನದು, ಈಗಲೂ ಅದು ಬೇಕೇ ಬೇಕು. ಇಷ್ಟು ಸುಮ್ಮನೆ ನಿಂತು ಹಾಡಿದರೂ ಎದೆಗೆ ತಾಗುತ್ತದೆ ಅಂತ ಈಕೆಯಿಂದ ತಿಳಿಯಿತು.

ವರದಾ ದಂಡೆ, ಹಾವೇರಿ

ಎಲ್ಲರೂ ಸಮುದ್ರ ದಾಟಿದ್ದೀರಿ, ನಾನು ಶಿಗ್ಗಾವಿ ತಾಲ್ಲೂಕಿನಲ್ಲೇ ಇರುತ್ತೇನೆ. ಶಿಶುನಾಳ ಶರೀಫರ 'ಕೋಡಗನ ಕೋಳಿ ನುಂಗಿತ್ತ'. ಇದು ಗೊತ್ತಿರೋದೇ ಅಂತ ಮುಂದೆ ಹೋಗಬೇಡಿ. ಸಿ. ಅಶ್ವಥ್ ಹಾಡಿದ್ದು ಗೊತ್ತು. ಊರಿನ ಭಜನಾ ಮೇಳದವರು ಹಾಡಿದ್ದು ಎಷ್ಟು ಜನ ಪೂರ್ತಿ ಕೂತು ಕೇಳಿದ್ದೀರಿ?

ಗುಡಿಯ ಕಟ್ಟೆ, ನಡುವೆ ಹಾರ್ಮೋನಿಯಂ, ಒಬ್ಬರ ಕೈಯಲ್ಲಿ ಏಕತಾರಿ, ಒಬ್ಬರ ಕೈಯಲ್ಲಿ ದಮ್ಮಡಿ, ಉಳಿದವರ ಕೈಯಲ್ಲೆಲ್ಲ ತಾಳ. ಮುಂದಾಳು ಒಂದು ಸಾಲು ಹೇಳುತ್ತಾರೆ, ಮೇಳ ಅದನ್ನು ಕಸಿದುಕೊಳ್ಳುತ್ತದೆ. ಅವರು ಮುಗಿಸುವ ಮೊದಲೇ ಇವರು ಎತ್ತಿರುತ್ತಾರೆ. ಶುರುವಿನಲ್ಲಿ ಲಯ ನಿಧಾನ, ಯಾರೂ ಹೇಳದೆಯೇ ಅದು ಏರುತ್ತಾ ಹೋಗುತ್ತದೆ. ಪದದ ಉದ್ದಕ್ಕೂ ಒಂದು ಇನ್ನೊಂದನ್ನು ನುಂಗುತ್ತಾ ಹೋಗುತ್ತದೆ, ಕೊನೆಗೆ ಗುರುವಿನ ಪಾದ ಹಾಡುವವನನ್ನೇ ನುಂಗುತ್ತದೆ. ಆ ಕೊನೆಯ ನುಡಿಗೆ ಬರುವಷ್ಟರಲ್ಲಿ ತಾಳದ ಸದ್ದಿನಲ್ಲಿ ಮುಂದಾಳಿನ ಧ್ವನಿ ಮುಳುಗಿಯೇ ಹೋಗಿರುತ್ತದೆ! ಕಿವಿ ಅಲ್ಲಿಡಿ.

ರಾಕ್ ಬ್ಯಾಂಡಿನವರು ಶರೀಫರನ್ನು ಹಾಡುವಾಗ ನನಗೆ ಸಿಗದೇ ಇರೋದು ಇದೇ. ಹಾಡುವವರು ಒಬ್ಬರು, ನಾವು ಕೇಳುವವರು. ತತ್ವಪದ ಎಲ್ಲರೂ ಕೂಡಿ ಹೇಳೋದು.

ನವನಗರದ ಹುಡುಗ, ಹುಬ್ಬಳ್ಳಿ

ಹಾವೇರಿಯವರೇ, ಇದನ್ನು ನಾನು ಒಪ್ಪುವುದಿಲ್ಲ. ರಘು ದೀಕ್ಷಿತ್ ಹಾಡಿದ 'ಗುಡುಗುಡಿಯಾ ಸೇದಿ ನೋಡೋ' ಕೇಳಿಯೇ ನನ್ನ ವಾರಗೆಯ ಎಷ್ಟೋ ಜನ ಶರೀಫರ ಹೆಸರು ಹುಡುಕಿದ್ದು. ಶಾಲೆ ಪುಸ್ತಕದಲ್ಲಿ ಇದ್ದರು, ಆದರೆ ಬಾಯಿಗೆ ಬಂದಿದ್ದು ಆ ಹಾಡಿನಿಂದ. ಕಾರ್ಯಕ್ರಮಕ್ಕೆ ಹೋಗಿ ನೋಡಿ, ಪಲ್ಲವಿ ಬಂದಾಗ ಇಡೀ ಮೈದಾನ ಹಾಡುತ್ತದೆ. ಅದೂ ಕೂಡಿ ಹೇಳೋದೇ ಅಲ್ವಾ? ಹಿಂದಿನ ಪಿಟೀಲಿನ ಓಟ ಕೇಳಿ, ಅದು ಅಲ್ಲಿ ಹಾರ್ಮೋನಿಯಂ ಕೆಲಸ ಮಾಡುತ್ತಿದೆ.

ವರದಾ ದಂಡೆ, ಹಾವೇರಿ

ಮೈದಾನ ಹಾಡುತ್ತದೆ, ನಿಜ. ಆದರೆ ಪಲ್ಲವಿ ಮಾತ್ರ. ಮೇಳದಲ್ಲಿ ಕೊನೆಯ ಸಾಲಿನಲ್ಲಿ ಕೂತ ಮುದುಕನಿಗೂ ಎಲ್ಲ ನುಡಿ ಬಾಯಿಪಾಠ ಇರುತ್ತದೆ. ನಿಮ್ಮ ಹಾಡನ್ನು ಇವತ್ತು ರಾತ್ರಿ ಹೆಡ್‌ಫೋನ್ ಹಾಕಿ ಕೇಳುತ್ತೇನೆ. ನೀವು ಒಂದು ಸಲ ಶಿಶುನಾಳ ಜಾತ್ರೆಗೆ ಬನ್ನಿ, ಗದ್ದುಗೆಯ ಹತ್ತಿರ ಹೊತ್ತು ಮುಳುಗಿದ ಮೇಲೆ ಕೂಡೋಣ.

ಕುಂದಗೋಳ ಗಾಡಿ, ಹುಬ್ಬಳ್ಳಿ

ನಡುವೆ ಒಂದು ಸೇರಿಸುತ್ತೇನೆ, ನಿಯಮ ಮುರಿದದ್ದಕ್ಕೆ ಬೈಯಬೇಡಿ. ತೀನ್‌ತಾಲ್ ಹೇಳಿದ ಎರಡು ಪದ್ಧತಿಯ ಮಾತಿಗೆ ಇದು ಬೇಕೇ ಬೇಕು. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನ್, ಕಿರಾಣಾ ಘರಾಣೆಯವರು, ತ್ಯಾಗರಾಜರ 'ರಾಮ ನೀ ಸಮಾನಮೆವರು' ಹಾಡಿ ರೆಕಾರ್ಡ್ ಕೊಟ್ಟಿದ್ದಾರೆ. ರಾಗ ಖರಹರಪ್ರಿಯ. ಹಳೆಯ 78ರ ಗ್ರಾಮಫೋನ್ ತಟ್ಟೆ, ಮೂರು ನಿಮಿಷದಷ್ಟು. ಸೂಜಿಯ ಗರಗರ ಸದ್ದಿನ ಹಿಂದೆ ಆ ತೆಳು ಧ್ವನಿ ಸ್ವರದ ಮೇಲೆ ನಿಲ್ಲುವ ರೀತಿ ನೋಡಿ. ಕೃತಿ ಕರ್ನಾಟಕಿ, ನಿಲ್ಲುವುದು ಮಾತ್ರ ಪೂರ್ತಿ ಕಿರಾಣಾ.

ಸಪ್ತಾಪುರದ ಕೇಳುಗ, ಧಾರವಾಡ

ಎಲ್ಲರಿಗೂ ಧನ್ಯವಾದ. ಉಮ್ ಕುಲ್ತುಮ್ ಹಾಡನ್ನು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವ ಚಿಗರಿ ಬಸ್ಸಿನಲ್ಲಿ ಶುರು ಮಾಡಿದೆ. ಹೊಸೂರು ದಾಟಿ ಉಣಕಲ್ ಕೆರೆ ಬಂದರೂ ಆಕೆ ಬಾಯಿ ತೆಗೆದಿರಲಿಲ್ಲ, ಬರೀ ವಾದ್ಯವೇ. ಧಾರವಾಡದಲ್ಲಿ ಇಳಿಯುವಾಗ ಇನ್ನೂ ಅರ್ಧ ಬಾಕಿ ಇತ್ತು, ಮನೆಗೆ ಹೋಗದೆ ಸ್ಟ್ಯಾಂಡಿನ ಬೆಂಚಿನ ಮೇಲೇ ಕೂತು ಮುಗಿಸಿದೆ. ನೀವು ಹೇಳಿದ ಭೈರವಿ ಬಹಳ ಕಡೆ ಸಿಕ್ಕಿತು. ಆದರೆ ನಡುವೆ ಒಂದು ಕಡೆ ಸ್ವರಗಳು ಬದಲಾದವು, ಬೇರೆ ಮಕಾಂಗೆ ಹೋಗಿ ಬಂದ ಹಾಗೆ. ಆಮೇಲೆ ಹಳೆ ಜಾಗಕ್ಕೆ ವಾಪಸ್ ಬಂದಾಗ ಸಭೆ ಕೂಗಿದ್ದು ಅದಕ್ಕೇ ಇರಬೇಕು.

'ಸೊದಾದ್' ಅಮ್ಮನಿಗೆ ಕೇಳಿಸಿದೆ. ಭಾಷೆ ಯಾವುದು ಅಂತ ಕೇಳಲಿಲ್ಲ, ಇನ್ನೊಂದು ಸಲ ಹಚ್ಚು ಅಂದರು.

ಹಾವೇರಿಯವರಿಗೆ ಒಂದು ಮಾತು. ನಿಮ್ಮ ಮೇಳದ ಹಾಡು ಹುಡುಕಿದೆ, ಸಿಕ್ಕಿದ್ದೆಲ್ಲ ಮೈಕು ಕಿರುಚುವ ವಿಡಿಯೋ. ಮುಂದಿನ ಸಲ ಅವರು ಕೂತಾಗ, ಅವರ ಒಪ್ಪಿಗೆ ತಗೊಂಡು, ಫೋನಿನಲ್ಲೇ ರೆಕಾರ್ಡ್ ಮಾಡಿ ಹಾಕ್ತೀರಾ?

ವರದಾ ದಂಡೆ, ಹಾವೇರಿ

ಕೇಳುತ್ತೇನೆ, ಬೇಡ ಅನ್ನುವವರಲ್ಲ ಅವರು. ಧ್ವನಿವರ್ಧಕ ಬಂದ್ ಮಾಡಿಸಿದರೆ ಸಾಕು, ಅರ್ಧ ಕೆಲಸ ಆಯಿತು. ತಾಳದವರ ಪಕ್ಕ ಫೋನ್ ಇಟ್ಟರೆ ಅದೊಂದೇ ಕೇಳುತ್ತದೆ. ಮುಂದಾಳಿನ ಎದುರಿಗೆ ನಾಲ್ಕು ಮೊಳ ದೂರದಲ್ಲಿ, ಒಂದು ಟವೆಲ್ ಮಡಚಿ ಅದರ ಮೇಲೆ ಇಡುತ್ತೇನೆ. ಪದ ಯಾವುದು ಬೇಕು ಅಂತ ಈಗಲೇ ಹೇಳಿ, ಶುರು ಮಾಡಿದ ಮೇಲೆ ಅವರನ್ನು ನಿಲ್ಲಿಸೋಕೆ ಆಗಲ್ಲ.

ತೀನ್‌ತಾಲ್, ಗದಗ

'ತರವಲ್ಲ ತಗಿ ನಿನ್ನ ತಂಬೂರಿ'. ದಮ್ಮಡಿಯವರ ಕೈ ಕಾಣುವ ಹಾಗೆ ವಿಡಿಯೋನೂ ತೆಗೀರಿ, ಆ ಪೆಟ್ಟು ಕಲಿಯಬೇಕು ನನಗೆ.