ಯುದ್ಧಕ್ಕೆ ಮತ ಹಾಕಿದವರು ಕ್ಷಮೆ ಕೇಳಬೇಕಾದದ್ದು ಯಾರಲ್ಲಿ?

ಪ್ರಶ್ನೆ: ಜಯನಗರದ ಉಪನ್ಯಾಸಕಿ

ನಮ್ಮ ಕಾಲೇಜಿನಲ್ಲಿ ಕಳೆದ ವಾರ ನಡೆದ ಚರ್ಚಾಸ್ಪರ್ಧೆಗೆ, ಹಿಂದೆ ಯುದ್ಧದ ಪರವಾಗಿ ಮತ ಹಾಕಿದ ರಾಜಕಾರಣಿಗಳು ಈಗ ಕ್ಷಮೆ ಕೇಳಬೇಕೆ ಎಂಬ ವಿಷಯವನ್ನು ನಾನೇ ಕೊಟ್ಟಿದ್ದೆ. ಉದಾಹರಣೆಗೆ ಇಟ್ಟುಕೊಂಡದ್ದು ಇರಾಕ್ ಯುದ್ಧವನ್ನು. 2002ರ ಅಕ್ಟೋಬರಿನಲ್ಲಿ ಅಮೆರಿಕದ ಪ್ರತಿನಿಧಿ ಸಭೆ 296–133 ಮತಗಳಿಂದಲೂ ಸೆನೆಟ್ 77–23 ಮತಗಳಿಂದಲೂ ಸೇನೆ ಬಳಸುವ ಅಧಿಕಾರವನ್ನು ಅಧ್ಯಕ್ಷ ಬುಷ್ ಅವರ ಕೈಗೆ ಕೊಟ್ಟವು. ಯಾವ ಸಮೂಹನಾಶಕ ಅಸ್ತ್ರಗಳ ಭಯ ಹುಟ್ಟಿಸಿ ಆ ಮತಗಳನ್ನು ಪಡೆಯಲಾಯಿತೋ ಅವು ಕೊನೆಗೂ ಸಿಗಲಿಲ್ಲ. ಪರವಾಗಿ ಮತ ಹಾಕಿದ್ದ ಸೆನೆಟರ್ ಜಾನ್ ಎಡ್ವರ್ಡ್ಸ್ 2005ರ ನವೆಂಬರಿನಲ್ಲಿ ಪತ್ರಿಕೆಗೆ ಬರೆದ ಲೇಖನವನ್ನು ‘ನಾನು ತಪ್ಪಿದೆ’ ಎಂಬ ಮಾತಿನಿಂದಲೇ ಆರಂಭಿಸಿದರು. ಹಿಲರಿ ಕ್ಲಿಂಟನ್ ಅಧ್ಯಕ್ಷ ಸ್ಥಾನದ ಉಮೇದುವಾರಿಕೆಗೆ ಹೋರಾಡುತ್ತಿದ್ದಾಗ ಅಂಥ ಮಾತು ಆಡಲೊಲ್ಲದೆ, 2014ರಲ್ಲಿ ತಮ್ಮ ಪುಸ್ತಕದಲ್ಲಿ ತಪ್ಪೊಪ್ಪಿಕೊಂಡರು.

ಎರಡೂ ಪಕ್ಷದವರು ವಾದಿಸಿ ಮುಗಿಸಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಮೇಡಂ, ಇವರೆಲ್ಲ ತಪ್ಪಾಯಿತು ಅಂದದ್ದು ಅಮೆರಿಕದ ಮತದಾರರ ಮುಂದೆ. ಬಾಗ್ದಾದಿನವರಿಗೆ ಅಲ್ಲಿ ಓಟು ಇಲ್ಲವಲ್ಲ?” ಎಂದ. ಅಷ್ಟರಲ್ಲಿ ಗಂಟೆ ಹೊಡೆದದ್ದು ನನ್ನ ಪುಣ್ಯ. ತಿಳಿದವರು ಏನನ್ನುತ್ತೀರಿ?

ಉತ್ತರ 1: ನಿವೃತ್ತ ಬ್ಯಾಂಕ್ ಅಧಿಕಾರಿ, ಗಿರಿನಗರ

ಮೇಡಂ, ಯಾರಲ್ಲಿ ಎಂಬುದಕ್ಕಿಂತ ಮೊದಲು ಯಾವುದಕ್ಕಾಗಿ ಎಂಬುದು ಇತ್ಯರ್ಥವಾಗಬೇಕೆಂದು ನನಗೆ ತೋರುತ್ತದೆ. ಮೂವತ್ತು ವರ್ಷಗಳ ಹಿಂದೆ, ಶಾಖೆಯಲ್ಲಿ ಸಂಜೆಯಾಗಿತ್ತೆಂಬ ಕಾರಣಕ್ಕೆ, ಸಾಲದ ಕಡತವೊಂದರ ಕೊನೆಯ ಹಾಳೆಯನ್ನಷ್ಟೇ ತಿರುವಿ, ‘ಪರಿಶೀಲಿಸಲಾಗಿದೆ’ ಎಂಬ ರಬ್ಬರ್ ಮೊಹರಿನ ಕೆಳಗೆ ನಾನು ಸಹಿ ಹಾಕಿದ್ದೆ. ಸಾಲ ಮುಳುಗಿತು. ವಿಚಾರಣೆಯಲ್ಲಿ ‘ಎಲ್ಲರಂತೆ ನಾನೂ ಮೋಸಹೋದೆ’ ಎಂದು ಬರೆದುಕೊಟ್ಟೆ. ವಿಚಾರಣಾಧಿಕಾರಿ ಅದನ್ನು ಓದಿ, ಮೋಸಹೋದದ್ದು ಇರಲಿ, ಒಳಗಿನ ಹಾಳೆಗಳನ್ನು ಓದಿದ್ದಿರಾ ಎಂದಷ್ಟೇ ಕೇಳಿದರು.

2002ರಲ್ಲೂ ಅಂಥದೊಂದು ಕಡತವಿತ್ತು. ಇರಾಕಿನ ಅಸ್ತ್ರಗಳ ಬಗ್ಗೆ ಗುಪ್ತಚರ ಸಂಸ್ಥೆಗಳು ಸಿದ್ಧಪಡಿಸಿದ, ತೊಂಬತ್ತಕ್ಕೂ ಹೆಚ್ಚು ಪುಟಗಳ ರಹಸ್ಯ ವರದಿಯನ್ನು ಸಂಸದರು ಓದಬಹುದಿತ್ತು. ಅದರಲ್ಲಿ ಕೆಲವು ಇಲಾಖೆಗಳ ಭಿನ್ನಾಭಿಪ್ರಾಯಗಳೂ ದಾಖಲಾಗಿದ್ದವು. ಪೂರ್ತಿ ಓದಿದವರು ಬೆರಳೆಣಿಕೆಯಷ್ಟು ಮಂದಿ. ಸೆನೆಟಿನ ಗುಪ್ತಚರ ಸಮಿತಿಯ ಅಧ್ಯಕ್ಷರಾಗಿದ್ದ ಬಾಬ್ ಗ್ರಹಾಂ ಓದಿದರು, ವಿರುದ್ಧವಾಗಿ ಮತ ಹಾಕಿದರು. ಕ್ಲಿಂಟನ್ ಅವರು ಅಧಿಕಾರಿಗಳಿಂದ ವಿವರಣೆ ಪಡೆದಿದ್ದರೇ ಹೊರತು ಇಡೀ ವರದಿಯನ್ನು ಓದಿರಲಿಲ್ಲ. ‘ನಮಗೆ ಕೊಟ್ಟ ಮಾಹಿತಿ ತಪ್ಪಾಗಿತ್ತು’ ಎಂಬ ಕ್ಷಮೆಯನ್ನು ನಾನು ಕ್ಷಮೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ‘ಓದಬಹುದಿತ್ತು, ಓದಲಿಲ್ಲ’ ಎಂದರೆ ಮಾತು ಬೇರೆ.

ಉತ್ತರ 2: ವಕೀಲೆ, ಮಲ್ಲೇಶ್ವರ

ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ತಕರಾರಿದೆ: ಮತ ಹಾಕಿದವರಿಗಿಂತ ಮತ ಕೇಳಿದವರ ಹೊಣೆ ದೊಡ್ಡದು. ಬ್ರಿಟನ್ನಿನ ಕೆಳಮನೆ 2003ರ ಮಾರ್ಚ್ 18ರಂದು 412–149ರಿಂದ ಯುದ್ಧಕ್ಕೆ ಒಪ್ಪಿತು. ಹಿಂದಿನ ದಿನವಷ್ಟೇ ರಾಬಿನ್ ಕುಕ್ ಸಂಪುಟಕ್ಕೆ ರಾಜೀನಾಮೆ ಕೊಟ್ಟು ಹೊರಬಂದಿದ್ದರು. 2016ರಲ್ಲಿ, ಆ ಯುದ್ಧದಲ್ಲಿ ಬ್ರಿಟನ್ನಿನ ಪಾತ್ರವನ್ನು ವಿಚಾರಿಸಿದ ಚಿಲ್ಕಾಟ್ ವರದಿ ಹೊರಬಿದ್ದಾಗ, ಯುದ್ಧದ ಕಾಲದ ಪ್ರಧಾನಿ ಟೋನಿ ಬ್ಲೇರ್ ದುಃಖ, ವಿಷಾದ, ಕ್ಷಮೆ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ, ನಿರ್ಧಾರ ಮಾತ್ರ ಸರಿಯೇ ಆಗಿತ್ತು ಎಂದರು. ತಪ್ಪೇ ಇಲ್ಲದ ಮೇಲೆ ಕ್ಷಮೆ ಏತಕ್ಕೆ ಎಂದು ಯಾವ ನ್ಯಾಯಾಧೀಶರಾದರೂ ಕೇಳಿಯಾರು.

ನಮ್ಮಲ್ಲಿ ಈ ಪ್ರಶ್ನೆ ಏಳುವುದೇ ಕಷ್ಟ. ಸೇನೆ ಕಳುಹಿಸುವ ಮೊದಲು ಸಂಸತ್ತಿನ ಮತ ಪಡೆಯಬೇಕೆಂದು ನಮ್ಮ ಸಂವಿಧಾನ ಹೇಳುವುದಿಲ್ಲ, ನಿರ್ಧಾರ ಸಂಪುಟದ್ದು. 1987ರಲ್ಲಿ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋದದ್ದು ರಾಜೀವ್ ಗಾಂಧಿ ಮತ್ತು ಜಯವರ್ಧನೆ ಸಹಿ ಹಾಕಿದ ಒಪ್ಪಂದದ ಬಲದಿಂದ. ಒಂದು ವೇಳೆ ಮತಕ್ಕೆ ಹಾಕಿದರೂ, 1985ರಲ್ಲಿ ಸಂವಿಧಾನಕ್ಕೆ ಬಂದ ಹತ್ತನೆಯ ಅನುಸೂಚಿಯ (ಪಕ್ಷಾಂತರ ನಿಷೇಧದ) ಪ್ರಕಾರ, ಪಕ್ಷದ ಆದೇಶವಾದ ವಿಪ್ ಮೀರಿದ ಸದಸ್ಯರು ಸ್ಥಾನವನ್ನೇ ಕಳೆದುಕೊಳ್ಳಬಹುದು. ಹಾಗಿರುವಾಗ ಒಬ್ಬ ಸಂಸದರ ವೈಯಕ್ತಿಕ ಕ್ಷಮೆಗೆ ಎಷ್ಟು ಬೆಲೆ? ಇಲ್ಲಿ ಕೇಳಬೇಕಾದದ್ದು ಸರ್ಕಾರವೇ. 1984ರ ಸಿಖ್ಖರ ಹತ್ಯಾಕಾಂಡಕ್ಕಾಗಿ ಮನಮೋಹನ ಸಿಂಗ್ 2005ರಲ್ಲಿ ರಾಜ್ಯಸಭೆಯಲ್ಲಿ ಕ್ಷಮೆ ಕೇಳಿದರು. ಅದು ಅವರು ಸ್ವತಃ ಮಾಡಿದ ತಪ್ಪಾಗಿರಲಿಲ್ಲ. ಇಪ್ಪತ್ತೊಂದು ವರ್ಷ ತಡವಾಯಿತೆಂಬ ಮಾತು ಬೇರೆ.

ಉತ್ತರ 3: ಮಾಜಿ ಸುಬೇದಾರ್, ಹಲಸೂರು

ವಕೀಲರು ಹೆಸರಿಸಿದ ಆ ಪಡೆಯಲ್ಲಿ ನಾನಿದ್ದೆ. ಸುಮಾರು 1,200 ಮಂದಿ ಅಲ್ಲಿಂದ ಹಿಂದಿರುಗಲಿಲ್ಲ. ಇಂದಿರಾ ಗಾಂಧಿ ಸಂಗೀತ ಕಾರಂಜಿ ಉದ್ಯಾನದ ಹತ್ತಿರದ ಸೈನಿಕ ಸ್ಮಾರಕಕ್ಕೆ ವರ್ಷಕ್ಕೊಮ್ಮೆ ಹೋಗುತ್ತೇನೆ. ಕಲ್ಲಿನಲ್ಲಿ ಕೊರೆದ ಹೆಸರುಗಳ ಸಾಲಿನಲ್ಲಿ ನನ್ನ ಜೊತೆಯವನ ಹೆಸರು ನನ್ನ ಭುಜದ ಎತ್ತರಕ್ಕಿದೆ, ಮಧ್ಯಾಹ್ನ ಮುಟ್ಟಿದರೆ ಕೈ ಸುಡುತ್ತದೆ. ಅವನ ತಾಯಿ ತೀರಿಕೊಳ್ಳುವವರೆಗೂ ಯಾರ ಕ್ಷಮೆಯನ್ನೂ ಬಯಸಲಿಲ್ಲ. ಮಗ ಏಕೆ ಹೋದ ಎಂದು ಹೇಳುವವರೊಬ್ಬರು ಬೇಕಿತ್ತು, ಅಷ್ಟೆ.

ಆದ್ದರಿಂದ ನನಗೆ ಮಾತಿಗಿಂತ ವಾಲ್ಟರ್ ಜೋನ್ಸ್ ಮಾಡಿದ ಕೆಲಸ ದೊಡ್ಡದಾಗಿ ಕಾಣುತ್ತದೆ. ಉತ್ತರ ಕ್ಯಾರೊಲಿನಾದ ಈ ರಿಪಬ್ಲಿಕನ್ ಸಂಸದರು 2002ರಲ್ಲಿ ಯುದ್ಧದ ಪರವಾಗಿದ್ದರು. ಫ್ರಾನ್ಸ್ ವಿರೋಧಿಸಿತೆಂಬ ಸಿಟ್ಟಿಗೆ ಸಂಸತ್ತಿನ ಕ್ಯಾಂಟೀನಿನ ‘ಫ್ರೆಂಚ್ ಫ್ರೈಸ್’ ಹೆಸರನ್ನು ‘ಫ್ರೀಡಂ ಫ್ರೈಸ್’ ಎಂದು ಬದಲಿಸಲು ಮುಂದಾದವರಲ್ಲಿ ಅವರೂ ಒಬ್ಬರು. ಆಮೇಲೆ ತಮ್ಮ ಕ್ಷೇತ್ರದ ಸೈನಿಕನೊಬ್ಬನ ಅಂತ್ಯಕ್ರಿಯೆಗೆ ಹೋಗಿ ಬಂದವರು, ಸತ್ತ ಸೈನಿಕರ ಮನೆಯವರಿಗೆ ಪತ್ರ ಬರೆಯಲು ಕುಳಿತರು. 2019ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಸಹಿ ಹಾಕಿ ಕಳುಹಿಸಿದ ಪತ್ರಗಳು ಹತ್ತು ಸಾವಿರವನ್ನು ದಾಟಿದ್ದವು. ಯುದ್ಧ ನಿಲ್ಲಿಸಬೇಕೆಂದು ಸ್ವಂತ ಪಕ್ಷದ ವಿರುದ್ಧವೇ ನಿಂತರು. ಬ್ಯಾಂಕಿನ ಸರ್ ಹೇಳಿದ ಸಹಿಗೂ ಈ ಸಹಿಗೂ ಇರುವ ಅಂತರವನ್ನು ನಿಮ್ಮ ವಿದ್ಯಾರ್ಥಿಗೆ ತಿಳಿಸಿ ತಾಯಿ.

ಪ್ರಶ್ನೆ ಕೇಳಿದವರು:

ಮೂವರಿಗೂ ನಮಸ್ಕಾರ. ಸುಬೇದಾರರೆ, ನಿಮ್ಮ ಮಾತನ್ನು ಸೋಮವಾರ ತರಗತಿಯಲ್ಲಿ ಓದಿ ಹೇಳುತ್ತೇನೆ. ಆದರೆ ಆ ಹುಡುಗನನ್ನು ನಾನು ಬಲ್ಲೆ. ಆ ಪತ್ರಗಳೂ ಅಮೆರಿಕದ ವಿಳಾಸಗಳಿಗೇ ಹೋದವಲ್ಲವೇ ಎಂದು ಕೇಳದೆ ಅವನು ಬಿಡುವುದಿಲ್ಲ.