‘ಪಾಪವಿಮೋಚನಾ ಪತ್ರ’ ಸರಿಯೇ? ಇಂಡಲ್ಜೆನ್ಸ್ ಮತ್ತು ‘ಮಂತ್ರಿಸಿದ’ ಜಪಸರದ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಕಥೋಲಿಕ ಧರ್ಮಸಭೆ ಪವಿತ್ರ ವರ್ಷವೆಂದು ಆಚರಿಸಿದ 2025ರ ಜ್ಯೂಬಿಲಿ ವರ್ಷದಲ್ಲಿ ನಮ್ಮ ಧರ್ಮಕೇಂದ್ರಕ್ಕಾಗಿ ಎರಡು ಪುಟದ ಕರಪತ್ರವೊಂದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಸಂಜೆಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ಆದರೆ ‘ಇಂಡಲ್ಜೆನ್ಸ್’ ಎಂಬ ಒಂದೇ ಪದದ ಮುಂದೆ ಮೂರು ದಿನ ಕೂತೆ (ಕ್ಷಮೆ ಸಿಕ್ಕ ಪಾಪಕ್ಕೂ ಉಳಿಯುವ ದಂಡವನ್ನು ಧರ್ಮಸಭೆ ಇಳಿಸುವ ಅನುಗ್ರಹಕ್ಕೆ ಈ ಹೆಸರು). ಕೊನೆಗೆ ಅದನ್ನೇ ಕನ್ನಡ ಲಿಪಿಯಲ್ಲಿ ಬರೆದು ಕೊಟ್ಟುಬಿಟ್ಟೆ. ಆ ಕೊರಗು ಇನ್ನೂ ಹೋಗಿಲ್ಲ, ಅದಕ್ಕೇ ಈ ಪತ್ರ.

ಶಾಲೆಯಲ್ಲಿ ಮಾರ್ಟಿನ್ ಲೂಥರನ ಪಾಠ ಓದುವಾಗ ನಮಗೆ ಸಿಕ್ಕಿದ ಪದ ‘ಪಾಪವಿಮೋಚನಾ ಪತ್ರ’. ಕೆಲವರು ‘ಕ್ಷಮಾಪತ್ರ’ ಎಂದೂ ಬರೆಯುತ್ತಾರೆ. ರೋಮಿನ ಸಂತ ಪೇತ್ರರ ಮಹಾದೇವಾಲಯ ಕಟ್ಟಲು ಹಣ ಕೂಡಿಸುತ್ತಾ ಟೆಟ್ಸೆಲ್ ಎಂಬ ಗುರು (ಪಾದ್ರಿ) ಜರ್ಮನಿಯಲ್ಲಿ ಹಂಚಿದ ಕಾಗದಗಳಿಗೆ ಈ ಹೆಸರು ಒಪ್ಪಬಹುದು. 1517ರಲ್ಲಿ ಲೂಥರ್ ಬರೆದ 95 ವಾದಗಳು ಎದ್ದದ್ದೂ ಆ ವ್ಯಾಪಾರದ ವಿರುದ್ಧವೇ. ಹಣಕ್ಕೆ ಗಂಟು ಬಿದ್ದ ಅಂಥ ಅನುಗ್ರಹಗಳನ್ನೆಲ್ಲ 1567ರಲ್ಲಿ ಐದನೇ ಪಯಸ್ ಪೋಪ್ ರದ್ದು ಮಾಡಿದರು. ಕಾಗದ ಹೋಯಿತು, ಇಂಡಲ್ಜೆನ್ಸ್ ಉಳಿಯಿತು. ಹಾಗಾಗಿ ಇವತ್ತಿನ ಬಳಕೆಗೆ ‘ಪತ್ರ’ ಹೊಂದುವುದಿಲ್ಲ.

‘ಪಾಪವಿಮೋಚನೆ’ಯಲ್ಲಿ ಇನ್ನೂ ದೊಡ್ಡ ತೊಡಕಿದೆ. ಪಾಪಕ್ಕೆ ಕ್ಷಮೆ ಸಿಗುವುದು ಪಾಪನಿವೇದನೆಯಲ್ಲಿ, ಅಂದರೆ ಗುರುಗಳ ಮುಂದೆ ತಪ್ಪೊಪ್ಪಿಕೊಂಡಾಗ. ಇಂಡಲ್ಜೆನ್ಸ್ ಅದರ ನಂತರದ ಮಾತು. ಹುಡುಗನೊಬ್ಬ ಚೆಂಡು ಹೊಡೆದು ಪಕ್ಕದ ಮನೆಯ ಹೆಂಚು ಒಡೆದ ಅನ್ನಿ. ಅಳುತ್ತಾ ಹೋಗಿ ತಪ್ಪಾಯ್ತು ಅಂದ, ಮನೆಯಾಕೆ ಮನಸಾರೆ ಕ್ಷಮಿಸಿದಳು. ಆದರೂ ಮಾಡಿನಲ್ಲಿ ತೂತು ಹಾಗೇ ಇದೆ, ಹೆಂಚು ತಂದು ಹೊದಿಸಬೇಕು. ಆ ಉಳಿದ ಬಾಕಿಯನ್ನು ಧರ್ಮಸಭೆ ‘ಕಾಲಮಿತಿಯ ದಂಡ’ ಎನ್ನುತ್ತದೆ, ನರಕದ ನಿತ್ಯದಂಡದಿಂದ ಬೇರೆ ಮಾಡಿ ತೋರಿಸಲು. (ಇದನ್ನು ‘ಲೌಕಿಕ ಶಿಕ್ಷೆ’ ಎಂದು ಅನುವಾದಿಸಿದರೆ ಓದುವವರಿಗೆ ಜೈಲು ನೆನಪಾಗುತ್ತದೆ, ದಯವಿಟ್ಟು ಬೇಡ.) ಇಂಡಲ್ಜೆನ್ಸ್ ಇಳಿಸುವುದು ಈ ಬಾಕಿಯನ್ನು.

ಮಲಯಾಳಿಗಳು ಇದನ್ನು ಚೊಕ್ಕವಾಗಿ ‘ದಂಡವಿಮೋಚನ’ ಎಂದಿದ್ದಾರೆ. ತಮಿಳರು ‘ಪಲನ್’ ಎಂಬ ದಾರಿ ಹಿಡಿದರು, ಹಳೆಯ ತಮಿಳು ಪ್ರಾರ್ಥನೆ ಪುಸ್ತಕಗಳಲ್ಲಿ ‘ಪರಿಪೂರಣ ಪಲನ್’ ಇದೆ. ನಮ್ಮಜ್ಜಿ ಹೇಳುತ್ತಿದ್ದದ್ದೂ ‘ಫಲ’ವೇ. ಅವರ ಪ್ರಾರ್ಥನೆ ಪುಸ್ತಕದೊಳಗೆ ಅಂಚು ಸವೆದ ಒಂದು ಮಾತೆಯ ಚಿತ್ರವಿತ್ತು, ಹಿಂಬದಿಯಲ್ಲಿ ಜಪ, ಜಪದ ಕೆಳಗೆ ‘300 ದಿನ’. “ಇದ್ಕೆ ಮುನ್ನೂರು ದಿನದ ಫಲ ಐತೆ ಮಗಾ” ಅನ್ನುತ್ತಿದ್ದರು. ಸತ್ತ ಮೇಲೆ ಆತ್ಮ ಶುದ್ಧವಾಗುವ ಶುದ್ಧೀಕರಣ ಸ್ಥಳದಲ್ಲಿ ಮುನ್ನೂರು ದಿನ ಕಡಿಮೆ ಎಂದೇ ನಾವು ತಿಳಿದಿದ್ದೆವು. ನಿಜಕ್ಕೂ ಅದು ಆದಿಸಭೆಯ ಕಾಲದಲ್ಲಿ ಮುನ್ನೂರು ದಿನ ಪ್ರಾಯಶ್ಚಿತ್ತ ಮಾಡಿದ್ದಕ್ಕೆ ಸಮ ಎಂಬ ಅಳತೆ. ಆ ಗೊಂದಲಕ್ಕೆ ಎಡೆಯಿರಬಾರದೆಂದು 1967ರಲ್ಲಿ ಆರನೇ ಪೌಲ್ ಪೋಪ್ ದಿನ ವರ್ಷಗಳ ಲೆಕ್ಕವನ್ನೇ ತೆಗೆದುಹಾಕಿದರು. ಈಗ ಇರುವುದು ಎರಡೇ: ಪೂರ್ಣ, ಆಂಶಿಕ. ‘ಫಲ’ ನನಗೆ ಬಹಳ ಪ್ರಿಯವಾದ ಪದ, ಅಜ್ಜಿಯ ದನಿ ಅದರಲ್ಲಿದೆ. ಆದರೆ ಫಲ ಅಂದರೆ ಕೈಗೆ ಬರುವುದು, ಇಲ್ಲಿ ಆಗುವುದು ತಲೆಯ ಮೇಲಿನ ಹೊರೆ ಇಳಿಯುವುದು.

ರೋಮನ್ ಕಾನೂನಿನಲ್ಲಿ ‘ಇಂಡುಲ್ಗೆನ್ಷಿಯಾ’ ಎಂದರೆ ಬಾಕಿ ಕಂದಾಯ ಬಿಟ್ಟುಕೊಡುವುದು, ಅಪರಾಧಿಯ ಶಿಕ್ಷೆ ಬಿಡುವುದು. ಇದಕ್ಕೆ ನಮ್ಮ ‘ಮನ್ನಾ’ ಎಷ್ಟು ಹತ್ತಿರ ನೋಡಿ! ಸಾಲಮನ್ನಾ, ಕಂದಾಯ ಮನ್ನಾ ಎಂದು ದಿನಾ ಆಡುತ್ತೇವೆ. ಆದರೆ ಕನ್ನಡ ಬೈಬಲ್ಲಿನಲ್ಲಿ ಮನ್ನಾ ಎಂದರೆ ಮರುಭೂಮಿಯಲ್ಲಿ ಇಸ್ರಯೇಲರಿಗೆ ದೇವರು ಕೊಟ್ಟ ಆಹಾರ. ಬಲಿಪೂಜೆಯಲ್ಲಿ ‘ದಂಡಮನ್ನಾ’ ಎಂದು ಓದಿದರೆ ಕೇಳುವವರ ಮನಸ್ಸು ಅತ್ತ ಹೋಗುತ್ತದೆ. ಹಾಗಾಗಿ ‘ದಂಡವಿಮೋಚನೆ’ಯತ್ತಲೇ ನನ್ನ ಒಲವು. ಇಸ್ರಯೇಲರು ದಾಸ್ಯದಿಂದ ಬಿಡುಗಡೆಯಾದ ಕಥೆಯಿರುವ ಬೈಬಲ್ಲಿನ ವಿಮೋಚನಕಾಂಡ ಓದಿದ ಕಿವಿಗೆ ಅದರಲ್ಲಿ ಬಿಡುಗಡೆಯ ತೂಕ ಕೇಳಿಸುತ್ತದೆ.

ಎರಡನೆಯ ಪ್ರಶ್ನೆ ವಸ್ತುಗಳದು. ಜಪಸರ, ಶಿಲುಬೆ, ಪದಕಗಳನ್ನು ಗುರುಗಳ ಹತ್ತಿರ ಒಯ್ದು ಪ್ರಾರ್ಥನೆ ಮಾಡಿಸಿ ಪವಿತ್ರಗೊಳಿಸುವುದನ್ನು ಏನೆನ್ನಬೇಕು? ಕರಪತ್ರದಲ್ಲಿ ‘ಆಶೀರ್ವದಿಸಿದ ಜಪಸರ’ ಎಂದು ಬರೆದೆ. ಓದಿ ನೋಡಿದರೆ ಕಿವಿಗೆ ಒಗ್ಗಲಿಲ್ಲ, ಕನ್ನಡದಲ್ಲಿ ಆಶೀರ್ವಾದ ಮನುಷ್ಯರಿಗೆ. ಮನೆಯಲ್ಲಿ ನಾವು ಆಡಿದ್ದು ‘ಮಂತ್ರಿಸು’: ಮಂತ್ರಿಸಿದ ನೀರು, ಗರಿಗಳ ಭಾನುವಾರದ ಮಂತ್ರಿಸಿದ ಗರಿ. ಅಜ್ಜಿಯ ಜಪಸರದ ಕೊಂಡಿ ಕಿತ್ತು ಬಿಳಿ ದಾರದಲ್ಲಿ ಕಟ್ಟಿದ್ದರು. ಅದೂ ಹೋದಾಗ ಹಿತ್ತಲ ದಾಸವಾಳದ ಬುಡದಲ್ಲಿ ಹೂಳಿಸಿದರು, “ಮಂತ್ರಿಸಿದ್ದನ್ನ ಕಸಕ್ಕೆ ಹಾಕ್ಬಾರ್ದು” ಅಂದು. ಆದರೆ ‘ಮಂತ್ರಿಸಿದ’ ಅಂದರೆ ತಾಯಿತ ನೆನಪಾಗುತ್ತದೆ, ಸರಕ್ಕೇ ಏನೋ ಶಕ್ತಿ ಬಂದಂತೆ ಕೇಳುತ್ತದೆ ಎಂದು ನಮ್ಮ ಗುರುಗಳ ಆಕ್ಷೇಪ. ಕೊಂಕಣಿಯವರಿಗೆ ಈ ಕಷ್ಟವಿಲ್ಲ. ಕೊರಳಿಗೆ ಹಾಕುವ ಪುಟ್ಟ ಬಟ್ಟೆಯ ತುಂಡಿಗೆ ಅವರು ಅನ್ನುವ ‘ಬೆಂತಿನ್’ ಪೋರ್ಚುಗೀಸಿನಿಂದ ಬಂದದ್ದು, ಪವಿತ್ರಗೊಳಿಸಿದ್ದು ಎಂಬ ಅರ್ಥ ಹೆಸರಿನಲ್ಲೇ ಅಡಗಿದೆ.

ಗುರುಗಳ ಮಾತಿಗೆ ವ್ಯಾಕರಣದ ಆಧಾರವೂ ಇದೆ. ‘ಈ ಸರಕ್ಕೆ ದಂಡವಿಮೋಚನೆ ಇದೆ’ ಎನ್ನುವುದು ತಪ್ಪು. ‘ಈ ಸರವನ್ನು ಭಕ್ತಿಯಿಂದ ಬಳಸಿದವರಿಗೆ ದಂಡವಿಮೋಚನೆ’ ಎಂಬುದೇ ನಿಯಮ. ವಿಭಕ್ತಿ ಸರದ ಮೇಲಿಂದ ಮನುಷ್ಯನ ಮೇಲೆ ಬರಬೇಕು. ಇನ್ನೊಂದು ನಿಯಮ, ಅಂಥ ಸರವನ್ನು ಮಾರಿದರೆ ಅದಕ್ಕೆ ಸೇರಿದ ಅನುಗ್ರಹ ನಿಂತುಹೋಗುತ್ತದೆ. ಬೆಂಗಳೂರಿನ ಶಿವಾಜಿನಗರದ ಮಾತೆಯ ಹಬ್ಬದಲ್ಲಿ ಮೊದಲು ಅಂಗಡಿಯಲ್ಲಿ ಕೊಂಡು, ಆಮೇಲೆ ಗುರುಗಳ ಕೈಗೆ ಕೊಡುವುದು ಇದಕ್ಕೇ. ‘ಮಂತ್ರಿಸಿದ ಜಪಸರ ಮಾರಾಟಕ್ಕಿದೆ’ ಎಂಬ ವಾಕ್ಯ ಹುಟ್ಟಲೇಬಾರದು.

‘ಪವಿತ್ರಗೊಳಿಸಿದ’ ಎಂದು ಬರೆದು ಸುಮ್ಮನಾಗಬಹುದು. ಆದರೆ ಬೂದಿಯನ್ನು ‘ವಿಭೂತಿ’ ಎನ್ನಲು, ‘ವಿಭೂತಿ ಬುಧವಾರ’ ಆಚರಿಸಲು ನಮ್ಮ ಹಿರಿಯರು ಅಂಜಲಿಲ್ಲ. ಹಾಗಿರುವಾಗ ‘ಮಂತ್ರಿಸು’ವನ್ನು ನಾವೇಕೆ ಬಿಟ್ಟುಕೊಡಬೇಕು ಎಂದು ನನಗನಿಸುತ್ತದೆ.

ಆನೇಕಲ್, ಕನಕಪುರ, ಮೈಸೂರು, ಹಾಸನದ ಕಡೆಯ ಕ್ರೈಸ್ತ ಮನೆಗಳಲ್ಲಿ ಹೀಗೆ ಮಂತ್ರಿಸುವುದಕ್ಕೆ ಏನನ್ನುತ್ತಾರೆ? ಹಳೆಯ ಜಪದ ಪುಸ್ತಕಗಳನ್ನು ಇಟ್ಟುಕೊಂಡವರು ಅದರಲ್ಲಿ ಇಂಡಲ್ಜೆನ್ಸಿಗೆ ಯಾವ ಪದವಿದೆ ಎಂದು ನೋಡಿ, ವಾಕ್ಯ ಸಮೇತ ಬರೆದು ಕಳಿಸುವಿರಾ? ಬರೀ ಪದವಾದರೆ ವಿಭಕ್ತಿ ತಿಳಿಯುವುದಿಲ್ಲ.