ಮೋಟಾರ್ ದೋಣಿಯಲ್ಲಿ ‘ಎಡಕ್ಕೆ’ ಅಂದರೆ ಯಾವ ಎಡ?

ಎಲ್ಲರಿಗೂ ನಮಸ್ಕಾರ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ಸಹಾಯ ಬೇಕಿತ್ತು.

ನಾವಿರುವುದು ಕೊಪ್ಪಳ ಜಿಲ್ಲೆಯ ಮುನಿರಾಬಾದ್ ಹತ್ತಿರ. ತುಂಗಭದ್ರಾ ಹಿನ್ನೀರಿನಲ್ಲಿ ಮೀನು ಸಾಗಿಸಲು ಈಚೆಗೆ ಒಂದು ಫೈಬರ್ ದೋಣಿ ಕೊಂಡಿದ್ದೇವೆ. ಹಿಂದೆ ಸಿಕ್ಕಿಸುವ ಎಂಜಿನ್, ಅದಕ್ಕೊಂದು ಉದ್ದ ಹಿಡಿಕೆ. ಜೊತೆಗೆ ಬಂದ ಪುಸ್ತಕ ಇಂಗ್ಲಿಷಿನಲ್ಲಿದೆ. ದೋಣಿ ನಡೆಸುವ ಹುಡುಗರಿಗಾಗಿ ಕನ್ನಡದಲ್ಲಿ ಸೂಚನೆ ಬರೆಯುತ್ತಿದ್ದೇನೆ. ಎಂಜಿನ್ ಭಾಗಗಳ ಹೆಸರು ಕಷ್ಟವಾಗಲಿಲ್ಲ. ಪಂಪ್‌ಸೆಟ್ ಬಿಚ್ಚಿ ಜೋಡಿಸಿದವರಿಗೆ ಇಂಪೆಲ್ಲರ್, ಸೀಲ್, ವಾಷರ್ ಅಂದರೆ ಸಾಕು. ತೊಡಕಾಗಿರುವುದು ದಿನವೂ ಆಡುವ ಮಾತುಗಳೇ.

ಮೊದಲು ಎಡ ಬಲ. ಈ ಹಿಡಿಕೆಯನ್ನು ಎಡಕ್ಕೆ ದೂಡಿದರೆ ದೋಣಿ ಬಲಕ್ಕೆ ತಿರುಗುತ್ತದೆ. ‘ಎಡಕ್ಕ ತಗೋ’ ಅಂತ ಕೂಗಿದರೆ ಅಣ್ಣನ ಮಗ, ‘ಹಿಡಿಕಿ ಎಡಕ್ಕೋ, ದೋಣಿ ಎಡಕ್ಕೋ, ಕಾಕಾ?’ ಅಂತ ಕೇಳುತ್ತಾನೆ. ಅವನು ಕೇಳುವುದು ಸರಿಯೇ. ಆದರೆ ಕೇಳಿ ಮುಗಿಸುವಷ್ಟರಲ್ಲಿ ಬಂಡೆ ಹತ್ತಿರ ಬಂದಿರುತ್ತದೆ. ಸಾಲದ್ದಕ್ಕೆ ಮೂರನೇ ಎಡವೂ ಒಂದಿದೆ, ಹೊಳೆಯ ಎಡದಂಡೆ. ನೀರು ಹರಿಯುವ ಕಡೆ ಮುಖ ಮಾಡಿ ನಿಂತರೆ ಎಡಗೈ ಕಡೆ ಬರುವ ದಂಡೆ ಅದು. ಎಡದಂಡೆ ಕಾಲುವೆ ಹೊರಡುವುದೂ ನಮ್ಮ ಮುನಿರಾಬಾದ್ ಕಡೆಯಿಂದಲೇ. ಅಣೆಕಟ್ಟಿಗೆ ಬೆನ್ನು ಹಾಕಿ ಹಿನ್ನೀರಿನ ಮೇಲಕ್ಕೆ ಹೊರಟರೆ ಅದೇ ಎಡದಂಡೆ ಬಲಗೈಗೆ ಬರುತ್ತದೆ! ಸದ್ಯಕ್ಕೆ ‘ದೋಣಿ ಎಡಕ್ಕೆ’, ‘ದೋಣಿ ಬಲಕ್ಕೆ’ ಅಂತ ಬರೆದಿದ್ದೇನೆ. ಕೂಗಿ ಹೇಳಲು ಉದ್ದವಾಯಿತು. ಕರಾವಳಿಯವರು ದೋಣಿಯ ಎರಡು ಬದಿಗಳಿಗೆ ಬೇರೆ ಹೆಸರು ಹೇಳುತ್ತಾರಾ?

ನಮ್ಮ ಹೊಳೆಯ ಮಾತಿನಲ್ಲಿ ಇದಕ್ಕೆ ಪದ ಸಿಗದಿರುವುದಕ್ಕೆ ಕಾರಣ ಹರಿಗೋಲು ಅಂತ ನನಗನಿಸುತ್ತದೆ. ಅದು ಗುಂಡಗಿರುತ್ತದೆ. ಅದಕ್ಕೆ ಮುಂದು ಯಾವುದು, ಹಿಂದು ಯಾವುದು? 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ಆನೆಗೊಂದಿಗೆ ದಾಟುವ ಈ ಬುಟ್ಟಿಯಂಥ ದೋಣಿಗಳನ್ನು ನೋಡಿ ಬರೆದಿದ್ದಾನೆ. ಹುಟ್ಟು ಹಾಕಿದರೂ ಅವು ನೆಟ್ಟಗೆ ಹೋಗದೆ ತಿರುಗುತ್ತಲೇ ಸಾಗುತ್ತವೆ ಅನ್ನುವುದನ್ನು ಅವನು ಗಮನಿಸಿದ್ದ. ಹರಿಗೋಲಿನವರಿಗೆ ಬೇಕಿದ್ದದ್ದು ಸೆಳವು, ಸುಳಿ, ಮಡು, ದಂಡೆ. ಆ ಪದಗಳು ಇವತ್ತಿಗೂ ಗಟ್ಟಿಯಾಗಿವೆ.

ಮೋಟಾರ್ ದೋಣಿಗೆ ಮಾತ್ರ ಹಿಂದು ಮುಂದು ತಿಳಿಯಲೇಬೇಕು. ಇದು ಕಾರಿನಂತೆ ಮುಂದಿನಿಂದ ತಿರುಗುವುದಿಲ್ಲ. ಎಂಜಿನ್ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ, ಆಗ ಮುಂಭಾಗ ಇನ್ನೊಂದು ಕಡೆ ಹೊರಳುತ್ತದೆ. ದಂಡೆಗೆ ಒತ್ತಿ ನಿಂತ ದೋಣಿಯನ್ನು ಒಮ್ಮೆಲೇ ಹೊರಕ್ಕೆ ತಿರುಗಿಸಿದರೆ ಹಿಂಭಾಗ ಕಲ್ಲಿಗೆ ಬಡಿಯುತ್ತದೆ. ಹುಡುಗರು ಮುಂಭಾಗಕ್ಕೆ ಆಗಲೇ ‘ಮೂತಿ’ ಅನ್ನುತ್ತಾರೆ. ಹಾಗಾದರೆ ಹಿಂಭಾಗಕ್ಕೆ ‘ಬಾಲ’ ಸಾಕಲ್ವಾ? ‘ಬಾಲ ನೋಡ್ಕೋ’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನನಗಂತೂ ಇದು ಒಪ್ಪಿಗೆ.

ಹಿಡಿಕೆಗೆ ‘ಚುಕ್ಕಾಣಿ’ ಅನ್ನಬಹುದಾ ಅನ್ನುವುದು ಇನ್ನೊಂದು ಪ್ರಶ್ನೆ. ಅರಬ್ಬಿಯ ‘ಸುಕ್ಕಾನ್’ ಹೀಗೆ ನಮ್ಮದಾಗಿದೆ, ಪಾರಸಿಯ ‘ಲಂಗರ್’ ಲಂಗರು ಆದಂತೆ. ಪೇಪರಿನಲ್ಲಿ ದಿನಾ ಓದುವ ‘ಅಧಿಕಾರದ ಚುಕ್ಕಾಣಿ’ಯಿಂದ ಹುಡುಗರಿಗೂ ಪದ ಗೊತ್ತು. ಆದರೆ ನಿಜವಾದ ಚುಕ್ಕಾಣಿ ನೀರಿನಲ್ಲಿ ನಿಲ್ಲುವ ಹಲಗೆ. ದೋಣಿ ಚಲಿಸುತ್ತಿದ್ದರೆ ಸಾಕು, ಅದು ಕೆಲಸ ಮಾಡುತ್ತದೆ. ನಮ್ಮದರಲ್ಲಿ ಆ ಹಲಗೆ ಇಲ್ಲ. ಇಡೀ ಎಂಜಿನ್ನೇ ತಿರುಗುತ್ತದೆ. ಗಾಬರಿಯಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಹಿಡಿಕೆ ಎಷ್ಟು ತಿರುಗಿಸಿದರೂ ದೋಣಿ ಸರಿಯಾಗಿ ಮಾತು ಕೇಳುವುದಿಲ್ಲ. ಚುಕ್ಕಾಣಿ ಅಂದರೆ ಈ ವ್ಯತ್ಯಾಸ ಮರೆತುಹೋಗುತ್ತದೆ ಅನ್ನುವ ಭಯದಿಂದ ‘ಹಿಡಿಕೆ’ ಅಂತಲೇ ಉಳಿಸಿದ್ದೇನೆ. ತಿಳಿದವರು ಹೇಳಿ.

ನಡೆಸುವವರು ಕೈಗೆ ಕಟ್ಟಿಕೊಳ್ಳುವ ಸುರುಳಿ ದಾರಕ್ಕೆ ‘ಜೀವದಾರ’ ಅಂದಿದ್ದೇನೆ. ನೀರಿಗೆ ಬಿದ್ದರೆ ಅದು ಕಿತ್ತು ಎಂಜಿನ್ ನಿಲ್ಲುತ್ತದೆ. ಈ ಪದ ಬದಲಿಸುವ ಮನಸ್ಸಿಲ್ಲ. ದೋಣಿಯ ತಳದ ತೂತಿಗೆ ಹಾಕುವುದು ‘ಬೂಚು’, ಅದರಲ್ಲಿ ಗೊಂದಲವಿಲ್ಲ.

ಕೊನೆಯದು ನನಗೆ ನಿಜವಾಗಿ ಬೇಕಾದ ಪದ. ಎಂಜಿನ್ ಓಡುವಾಗ ಹಿಂದಿನ ಸಣ್ಣ ತೂತಿನಿಂದ ನೀರು ಧಾರೆಯಾಗಿ ಚಿಮ್ಮುತ್ತದೆ. ಎಂಜಿನ್ ತಂಪು ಮಾಡುವ ನೀರು ಓಡಾಡುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಧಾರೆ ನಿಂತರೆ ಕೂಡಲೇ ಎಂಜಿನ್ ಆರಿಸಬೇಕು. ನಮ್ಮಲ್ಲಿ ಇದು ಮುಖ್ಯ, ಯಾಕೆಂದರೆ ಹೂಳು ಜಾಸ್ತಿ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105 ಟಿಎಂಸಿ ಚಿಲ್ಲರೆಗೆ ಇಳಿದಿದೆ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಎಂಜಿನ್ನಿನ ಕೆಳಗೆ ನೀರು ತಳ್ಳುವ ಫ್ಯಾನು ಕೆಸರು ಕೆದಕುತ್ತದೆ, ಮರಳು ಒಳಗೆ ಹೋಗಿ ಆ ತಂಪು ನೀರನ್ನು ಎತ್ತುವ ರಬ್ಬರ್ ಇಂಪೆಲ್ಲರ್ ಸವೆಯುತ್ತದೆ. ಬಲೆಯ ನೈಲಾನ್ ದಾರ ಇನ್ನೊಂದು ಕಾಟ. ಫ್ಯಾನಿನ ಹಿಂದೆ ಸುತ್ತಿಕೊಂಡು, ಗೇರಿನೊಳಗೆ ನೀರು ಹೋಗದಂತೆ ತಡೆಯುವ ಸೀಲನ್ನು ಕೊಯ್ಯುತ್ತದೆ. ಗೇರ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿತು ಅಂತ ತಿಳಿಯಬೇಕು.

ಆ ಧಾರೆಗೆ ಹುಡುಗರು ‘ಉಚ್ಚಿ’ ಅನ್ನುತ್ತಾರೆ. ಬಾಯಲ್ಲಿ ಸರಿ, ಗೋಡೆಗೆ ಅಂಟಿಸುವ ಕಾಗದದಲ್ಲಿ ಬೇಡ ಅಂತ ಮನೆಯವರು ಹೇಳುತ್ತಿದ್ದಾರೆ. ‘ಸೂಚಕ ಧಾರೆ’ ನನಗೇ ಹಿಡಿಸಲಿಲ್ಲ. ‘ತಂಪುಧಾರೆ’ ಹೇಗೆ? ರಾಯಚೂರು ಕಡೆ ಕೃಷ್ಣೆಯಲ್ಲಿ ಮೋಟಾರ್ ದೋಣಿ ನಡೆಸುವವರು ಏನನ್ನುತ್ತಾರೆ ಅಂತ ಯಾರಾದರೂ ಕೇಳಿ ತಿಳಿಸಿ. ಮಳೆ ಬಂದು ನೀರು ಏರುವ ಮೊದಲು ಅಚ್ಚು ಹಾಕಿಸಬೇಕು.